ಬಬಲೇಶ್ವರದ ಖೋಲಿ, ಹೊರಗಿನ ಕಟ್ಟೆ

ಇದನ್ನು ಬರೆಯಬೇಕೆಂದು ಕೂತು, ಪೆನ್ನು ಮುಚ್ಚಿ ಎದ್ದು ಹೋದದ್ದು ಎಷ್ಟು ಸಲವೋ ನೆನಪಿಲ್ಲ. ಒಮ್ಮೆ ಕಣ್ಣಿನ ಆಪರೇಷನ್ ಆಗಲಿ ಎಂದೆ, ಆಯಿತು. ಆಮೇಲೆ ಹಬ್ಬ ಮುಗಿಯಲಿ ಎಂದೆ, ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದೆ. ಬೇರೆಯವರ ಸಂಕಟವನ್ನು ಕಾಗದಕ್ಕಿಳಿಸುವುದೇ ನನ್ನ ಕಸುಬಾಗಿತ್ತು. ಗಂಡ ಸತ್ತ ಹೆಣ್ಣುಮಗಳು ಎದುರಿಗೆ ಕೂತು ಅಳುತ್ತಿರುವಾಗಲೇ ಅವಳ ಹೊಲಕ್ಕೆ ಅವಳ ಹೆಸರು ಹಚ್ಚುವ ಅರ್ಜಿಯನ್ನು ಹತ್ತು ನಿಮಿಷದಲ್ಲಿ ಮುಗಿಸಿ ಕೊಟ್ಟವನು ನಾನು. ನನ್ನ ಸ್ವಂತದ ಒಂದು ತಪ್ಪನ್ನು ಬರೆಯಲು ಮಾತ್ರ ಇಷ್ಟು ವರ್ಷ ತಡಮಾಡಿದೆ. ಈಗ ಕೈ ನಡುಗುತ್ತದೆ. ಇನ್ನೂ ಮುಂದೂಡಿದರೆ ಬರೆಯಲು ಕೈಯೇ ಇರುವುದಿಲ್ಲ ಎಂಬ ಹೆದರಿಕೆ ಹತ್ತಿದೆ.

ನಾನು ಮೆಟ್ರಿಕ್‌ವರೆಗೆ ಓದಿದವನು. ವಿಜಯಪುರದ ಕಚೇರಿಗಳಿರುವ ಒಂದು ಆವರಣದಲ್ಲಿ, ಬೇವಿನ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅರ್ಜಿ, ಅಫಿಡವಿಟ್, ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವ ವಾಟಣಿ ಪತ್ರ ಬರೆದು ಬದುಕಿದೆ. ಒಬ್ಬನೇ ಅಲ್ಲ. ಅದೇ ಬೆಂಚಿನ ಮೇಲೆ ನನ್ನ ಮಗ್ಗುಲಿಗೆ ಒಬ್ಬ ಟೈಪಿಸ್ಟ್ ಕೂರುತ್ತಿದ್ದ. ಇಟ್ಟಂಗಿಹಾಳದವನು, ಬೌದ್ಧರಾದ ದಲಿತ ಮನೆತನದವನು, ನನಗಿಂತ ಹನ್ನೆರಡು ಹದಿಮೂರು ವರ್ಷ ಚಿಕ್ಕವನು. ನಾನು ಬಾಯಲ್ಲಿ ಹೇಳುತ್ತಿದ್ದೆ, ಅವನು ಟೈಪ್ ಮಾಡುತ್ತಿದ್ದ. ಮೊದಲು ಕಟಕಟ ಎನ್ನುವ ಮಷಿನ್, ಆಮೇಲೆ ಲ್ಯಾಪ್‌ಟಾಪು. ನಾನು ತಪ್ಪು ಹೇಳಿದರೆ ಅವನ ಬೆರಳು ತಾನಾಗಿಯೇ ನಿಲ್ಲುತ್ತಿತ್ತು.

“ಅಣ್ಣಾರ, ಈ ಮುದುಕಪ್ಪಗ ಇಬ್ರು ಹೆಣ್ಮಕ್ಕಳು ಅಂದ್ರಿ ಮೊದಲ. ಈಗ ಒಬ್ಬಾಕಿ ಎಲ್ಲಿ ಹೋದ್ಲು? ಆಕಿ ಪಾಲು ನೀವ ತಿಂದ್ರೇನು?”

ಎದುರಿಗೆ ಕೂತ ಮುದುಕನೂ ನಗುತ್ತಿದ್ದ. ದಿನದ ಗಳಿಕೆ ಅರ್ಧ ಅವನಿಗೆ, ಅರ್ಧ ನನಗೆ. ಮಧ್ಯಾಹ್ನ ನನ್ನ ರೊಟ್ಟಿಗೆ ಅವನ ಡಬ್ಬಿಯ ಶೇಂಗಾ ಚಟ್ನಿ. ಜಾತಿ ನೋಡದ ಮನುಷ್ಯ ಎಂದು ನನ್ನ ಬಗ್ಗೆ ನನಗೇ ದೊಡ್ಡ ಅಭಿಮಾನವಿತ್ತು. ಯಾರಾದರೂ ಕೇಳಿದರೆ ಆ ಚಟ್ನಿಯ ಮಾತನ್ನು ಹೇಳಿಯೂ ಹೇಳುತ್ತಿದ್ದೆ. ಹೇಳಿಕೊಂಡು ತಿರುಗುವಂಥದ್ದು ಅದರಲ್ಲಿ ಏನಿತ್ತು ಎಂದು ಆಗ ಹೊಳೆಯಲಿಲ್ಲ.

ತಿಕೋಟಾ ಮತ್ತು ಬಬಲೇಶ್ವರ ಬೇರೆ ತಾಲೂಕುಗಳಾದ ಮೇಲೆ ನಮ್ಮ ಮರದ ಕೆಳಗಿನ ಮಂದಿ ಕರಗಿದರು. ಆ ಕಡೆಯ ಹಳ್ಳಿಗಳವರು ತಮ್ಮ ತಮ್ಮ ತಾಲೂಕು ಕಚೇರಿಗೇ ಹೋಗತೊಡಗಿದರು. ಅದೇ ಹೊತ್ತಿಗೆ ಆವರಣದಲ್ಲಿ ಗಾಡಿ ನಿಲ್ಲಿಸಲು ಜಾಗ ಬೇಕಾಗಿ, ನಾವು ಮೇಜು ಎತ್ತಬೇಕಾಯಿತು. ಒಂದು ತಿಂಗಳು ಆ ಮೇಜು ಜಲನಗರದಲ್ಲಿ ನಾನಿದ್ದ ಮನೆಯ ಜಿನೆಯ ಮೆಟ್ಟಿಲುಗಳ ಕೆಳಗೆ ಕಾಲು ಮೇಲೆ ಮಾಡಿ ಬಿದ್ದಿತ್ತು. ಹೊರಗೆ ಹೋಗುವಾಗ, ಬರುವಾಗ ಅದೇ ಕಣ್ಣಿಗೆ ಬೀಳುತ್ತಿತ್ತು. ಅರವತ್ತು ದಾಟಿದ, ಮೆಟ್ರಿಕ್ ಓದಿದ ಮನುಷ್ಯನನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಅಕ್ಕಪಕ್ಕದವರೆಲ್ಲ ನೌಕರಿಯವರು. ಮುಂಜಾನೆ ಒಂಬತ್ತೂವರೆಗೆ ಎಲ್ಲ ಗಾಡಿಗಳೂ ಹೊರಟುಹೋದ ಮೇಲೆ ಆ ಓಣಿಯಲ್ಲಿ ಗಂಡಸೆಂದು ಉಳಿಯುತ್ತಿದ್ದವನು ನಾನೊಬ್ಬನೇ. ನಾಚಿಕೆಗೆ ನಾನೂ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡು, ಕೈಯಲ್ಲಿ ಚೀಲ ಹಿಡಿದು ಹೊರಬೀಳುತ್ತಿದ್ದೆ, ಹೋಗಲು ಜಾಗವಿಲ್ಲದೆ.

ಹೊಸ ತಾಲೂಕಿನಲ್ಲಿ ಒಂದು ಖೋಲಿ ಹಿಡಿದು ಆಫೀಸು ಮಾಡೋಣ ಎಂದವನು ಆ ಟೈಪಿಸ್ಟನೇ. ದಿನಾ ಇಟ್ಟಂಗಿಹಾಳದಿಂದ ಗಾಡಿ ತಂದು ನನ್ನನ್ನು ಹಿಂದೆ ಕೂರಿಸಿಕೊಳ್ಳುತ್ತಿದ್ದ. ಮೊದಲು ತಿಕೋಟಾಕ್ಕೆ ಹೋದೆವು.

ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ವ್ಯಾಪಾರಿಯ ಖೋಲಿ ಚೆನ್ನಾಗಿತ್ತು. ಪೂರ್ವಕ್ಕೆ ಬಾಗಿಲು. ನನಗೆ ಬಾಗಿಲು ಪೂರ್ವಕ್ಕಿರಬೇಕು, ಅವನಿಗೆ ಅದರ ಪರಿವೆ ಇಲ್ಲ. ಅವನು ಮೆಟ್ಟಿಲು ಎಣಿಸುತ್ತಿದ್ದ. “ಮುದುಕ್ರು ಹತ್ತಬೇಕ್ರಿ ಅಣ್ಣಾರ. ಎರಡರಕಿಂತ ಹೆಚ್ಚಿದ್ರ ಬ್ಯಾಡ,” ಎನ್ನುತ್ತಿದ್ದ. ಮಾಲೀಕ ನನ್ನ ಅಡ್ಡಹೆಸರು, ಅಂದರೆ ಮನೆತನದ ಹೆಸರು ಕೇಳಿದ, ಹೇಳಿದೆ. “ಓ, ಹಂಗಾರ ನಮ್ಮ ಬೀಗರ ಪೈಕಿನ ಆದ್ರಿ,” ಎಂದು ಕುರ್ಚಿ ಎಳೆದು ಕೊಟ್ಟ. ಆಮೇಲೆ ಅವನ ಕಡೆ ತಿರುಗಿ ಅವನದನ್ನೂ ಕೇಳಿದ. ಅವನೂ ಹೇಳಿದ. ಮಾಲೀಕ ಖೋಲಿಯ ಬೀಗ ಮತ್ತೆ ಹಾಕಿದ.

“ಒಂದ್ ಮಾತ್ ಮರ್ತಬಿಟ್ಟಿದ್ದೆ ನೋಡ್ರಿ. ಈ ಖೋಲಿ ನಮ್ಮ ತಮ್ಮನ ಮಗಗ ಬೇಕಾಗೇತಿ. ಅಂಗಡಿ ಹಾಕ್ತಾನಂತ.”

ರಸ್ತೆಗೆ ಬಂದ ಮೇಲೆ ಅವನು ಗಾಡಿಯ ಕೀಲಿ ತಿರುಗಿಸುತ್ತ ಹೇಳಿದ: “ಆ ತಮ್ಮನ ಮಗ ನಾ ಬಾಯಿ ತೆಗ್ಯೂತನಾ ಹುಟ್ಟೇ ಇರ್ಲಿಲ್ರಿ ಅಣ್ಣಾರ. ನನ್ನ ಅಡ್ಡಹೆಸ್ರು ಕೇಳಿದ್ದ ತಡ, ಹುಟ್ಟಿ, ಬೆಳದು, ಅಂಗಡಿ ಹಾಕಾಕ ನಿಂತಾನ.”

ಇಬ್ಬರೂ ನಕ್ಕೆವು. ಎರಡನೆಯ ಮನೆಯಲ್ಲಿ ನಗಲು ಆಗಲಿಲ್ಲ. ಅಲ್ಲಿಯ ಯಜಮಾನ ಅವನ ಮುಖ ನೋಡದೆ ನನಗೊಬ್ಬನಿಗೇ ಹೇಳಿದ: “ಖೋಲಿ ಗ್ವಾಡಿಗೆ ಹತ್ತಿ ನಮ್ಮ ದೇವರ ಜಗಲಿ ಐತ್ರಿ. ನೀವು ತಿಳದಾವ್ರು.” ನಾನು ತಲೆ ಆಡಿಸಿದೆ. ತಿಳಿದವರು ಎಂದದ್ದಕ್ಕೆ ತಲೆಯಾಡಿಸಿದೆನೋ, ಜಗಲಿಯ ಮಾತಿಗೋ, ಈಗಲೂ ಹೇಳಲಾರೆ. ಅವನು ಆಗಲೇ ಹೊರಗೆ ಹೋಗಿ ಗಾಡಿಯ ಮೇಲೆ ಕೂತಿದ್ದ.

ಮರಳಿ ಬರುವಾಗ ಅವನ ಬೆನ್ನಿನ ಹಿಂದೆ ಕೂತು ನಾನು ಯೋಚಿಸಿದ್ದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನೆಲ್ಲ ಬರೆದೂ ಪ್ರಯೋಜನವಿಲ್ಲ. ಆ ಮಾಲೀಕರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇವನು ಜೊತೆಗಿದ್ದರೆ ನನಗೆ ಖೋಲಿ ಸಿಗುವುದಿಲ್ಲ ಎಂದುಕೊಂಡೆ. ನಮಗೆ ಎಂದಲ್ಲ, ನನಗೆ.

ಬಬಲೇಶ್ವರದಲ್ಲಿ ಅವನು ಬೇರೆ ಥರ ಹುಡುಕಿದ. ಮೊದಲು ಖೋಲಿ ಕೇಳುವುದು ಬೇಡ, ಮಂದಿಯನ್ನು ನೋಡೋಣ ಎಂದ. ಕಚೇರಿಯ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಒಂದು ಇಡೀ ದಿನ ಕೂತ. ಒಳಗಿಂದ ಬಂದವರು ಎಡಕ್ಕೆ ಹೋಗುತ್ತಾರೋ ಬಲಕ್ಕೋ ಎಂದು ಹಳೆಯ ಲಗ್ನಪತ್ರಿಕೆಯ ಹಿಂದೆ ಗೆರೆ ಎಳೆಯುತ್ತಿದ್ದ. ನಾನು ಬೇಸತ್ತು ಎರಡು ಸಲ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದೆ. ಸಂಜೆ ಆ ಪತ್ರಿಕೆಯನ್ನು ನನ್ನ ಮುಂದೆ ಹಿಡಿದ.

“ಕೆಲಸ ಆದಾವ್ರು ಎಡಕ್ಕ ಹೊಳ್ಳತಾರ, ಬಸ್ಸಿಗೆ. ಅವ್ರು ನಮಗ ಬ್ಯಾಡ. ಕಾಗದದಾಗ ತಪ್ಪೈತಿ, ಹೊಳ್ಳಿ ಬರಸ್ಕೊಂಡ್ ಬಾ ಅಂತ ಕಳಿಸಿರ್ತಾರಲ್ರಿ, ಅವ್ರು ಗೇಟಿಗೆ ಬಂದು ಸುಮ್ನ ನಿಂದರ್ತಾರ. ಎತ್ತ ಹೋಗ್ಬೇಕು ತಿಳ್ಯಾಂಗಿಲ್ಲ. ಆಮ್ಯಾಲ ನೆಳ್ಳು ಹುಡುಕ್ತಾರ. ನೆಳ್ಳು ಬಲಕ್ಕ ಐತಿ, ಆ ಹುಣಸಿ ಗಿಡದ ಬುಡಕ. ನಮಗ ಬೇಕಾದಾವ್ರು ಅವ್ರು.”

ಹುಣಸೆಮರದಿಂದ ಹತ್ತು ಹೆಜ್ಜೆಗೆ ಒಂದು ಹಳೆಯ ಮನೆ. ರಸ್ತೆಗೆ ಒಂದು ಖೋಲಿ, ಮುಂದೆ ಕಲ್ಲಿನ ಕಟ್ಟೆ, ಒಂದೇ ಮೆಟ್ಟಿಲು. ಒಂದು ಕಾಲಕ್ಕೆ ಮನೆಯ ಯಜಮಾನ ಅಲ್ಲಿ ಬಟ್ಟೆ ಹೊಲಿಯುತ್ತಿದ್ದನಂತೆ. ಈಗ ಅವನ ಹೆಂಡತಿ, ಎಪ್ಪತ್ತೈದರ ಹತ್ತಿರದ ಮುದುಕಿ, ಹಿಂದಿನ ಮನೆಯಲ್ಲಿ ಒಬ್ಬಳೇ ಇದ್ದಳು. ಇಬ್ಬರಿಗೂ ಮೇಜು ಹಾಕಲು ಆಗುವಷ್ಟು ದೊಡ್ಡ ಖೋಲಿ. ಬಾಗಿಲು ಪೂರ್ವಕ್ಕೆ. ಇದೂ ಕೈ ತಪ್ಪಿದರೆ ಮುಂದೇನು?

ಅವನು ಗಾಡಿ ನಿಲ್ಲಿಸಲು ಮರದ ಕೆಳಗೆ ಹೋದ. ನಾನು ಒಳಗೆ ಹೋದೆ. ಮುದುಕಿ ಖೋಲಿಯ ಬೀಗ ತೆಗೆದು, ಸೆರಗಿನಿಂದ ಕಿಟಕಿಯ ಧೂಳು ಒರೆಸುತ್ತ ಹೊರಗೆ ನೋಡಿದಳು.

“ಅಂವ ಯಾರ್ರಿ, ನಿಮ್ಮ ಕೂಡ ಬಂದಾನಲ್ಲ?”

ಅಷ್ಟೇ ಕೇಳಿದ್ದು. ಅಡ್ಡಹೆಸರು ಕೇಳಲಿಲ್ಲ, ಮನೆತನ ಕೇಳಲಿಲ್ಲ. ಆದರೆ ತಿಕೋಟಾದ ಎರಡು ಮನೆಗಳು ನನ್ನ ತಲೆಯಲ್ಲಿದ್ದವು. ಮುಂದಿನ ಪ್ರಶ್ನೆ ಬರುವ ಮೊದಲೇ ನಾನು ಉತ್ತರ ಕೊಟ್ಟೆ.

“ಅಂವ ನಮ್ಮ ಕೈಕೆಳಗಿನ ಮನಶಾ ರೀ ಅಕ್ಕಾರ. ಟೈಪ್ ಮಾಡ್ತಾನ. ನೀವೇನ್ ಚಿಂತಿ ಮಾಡಬ್ಯಾಡ್ರಿ, ಒಳಗ ಬರಂಗಿಲ್ಲ. ಹೊರಗ ಕಟ್ಟಿ ಮ್ಯಾಲ ಕುಂದರ್ತಾನ.”

ಅವಳು ಕಿಟಕಿಯಿಂದ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. “ಹಂಗೇನು? ಆತು. ನಿಮ್ಮ ಮನಶಾ, ನಿಮ್ಮ ಇಚ್ಛಾ,” ಎಂದಳು.

ಹೊರಗೆ ಬಂದು ಅವನಿಗೆ ನಾನು ಹೇಳಿದ್ದು ಬೇರೆ. “ಮುದುಕಿ ಒಪ್ಪ್ಯಾಳ ತಮ್ಮಾ. ಆದ್ರ ಹಳೇ ಕಾಲದಾಕಿ. ನೀ ಒಳಗ ಬರಬಾರ್ದು ಅಂತಾಳ. ಸ್ವಲ್ಪ ದಿನ ಕಟ್ಟಿ ಮ್ಯಾಲ ಕುಂದ್ರು, ನಾ ಆಕಿಗೆ ತಿಳಿಸಿ ಹೇಳ್ತೇನಿ.”

ಅವನು ಗೇಟಿನ ಕಡೆ ನೋಡಿದ. ಅಲ್ಲಿ ಒಬ್ಬ ರೈತ ಕೈಯಲ್ಲಿ ಕಾಗದ ಹಿಡಿದು, ಎತ್ತ ಹೋಗಬೇಕೆಂದು ತಿಳಿಯದೆ ನಿಂತಿದ್ದ. ಟೈಪಿಸ್ಟನ ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಅವನಿಗೂ ಬೇರೆ ದಾರಿ ಇರಲಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

“ಜಾಗಾ ಭಾಳ ಛಲೋ ಐತ್ರಿ ಅಣ್ಣಾರ,” ಎಂದ ಅವನು. “ಬಿಡಬ್ಯಾಡ್ರಿ.”

ಬಾಡಿಗೆಯ ಕರಾರು ಪತ್ರವನ್ನು ಅವನು ಮೊದಲೇ ಟೈಪ್ ಮಾಡಿ ಇಟ್ಟಿದ್ದ, ಇಬ್ಬರ ಹೆಸರಿನಲ್ಲಿ. ಒಬ್ಬರದೇ ಇರಲಿ, ಮುದುಕಿಗೆ ಸಂಶಯ ಬರಬಾರದು ಎಂದೆ. ಚಹಾದಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪು ತೆರೆದು ಅವನೇ ತನ್ನ ಹೆಸರು ತೆಗೆದ. ಆಮೇಲೆ ಮೊದಲಿನಿಂದ ಓದುತ್ತ ಬಂದು, ನಾವು ಎಂದಿದ್ದ ಕಡೆಯೆಲ್ಲ ನಾನು ಎಂದು ತಿದ್ದಿದ. ಒಂದನ್ನೂ ಬಿಡಲಿಲ್ಲ. ಅವನ ಕೆಲಸ ಯಾವಾಗಲೂ ಹಾಗೆಯೇ, ತಪ್ಪಿಲ್ಲದ ಕೆಲಸ.

ಖೋಲಿ ಅವನು ಹೇಳಿದಂತೆಯೇ ನಡೆಯಿತು. ತಪ್ಪು ಕಾಗದ ಹಿಡಿದವರು ಮರದ ಕೆಳಗೆ ಬಂದು, ಅಲ್ಲಿಂದ ನಮ್ಮ ಬೋರ್ಡು ನೋಡಿ ನೇರ ಬರುತ್ತಿದ್ದರು. ನಾನು ಒಳಗೆ ಫ್ಯಾನಿನ ಕೆಳಗೆ. ಅವನು ಹೊರಗೆ ಕಟ್ಟೆಯ ಮೇಲೆ, ತಗಡಿನ ಕೆಳಗೆ. ಪ್ರಿಂಟರು ಒಳಗಿತ್ತು, ಅದರ ವಾಯರು ಕಿಟಕಿಯ ಸರಳುಗಳ ನಡುವಿನಿಂದ ಅವನ ಲ್ಯಾಪ್‌ಟಾಪಿಗೆ. ನಾನು ಕಿಟಕಿಯ ಹತ್ತಿರ ಬಾಯಿ ತಂದು ಹೇಳುತ್ತಿದ್ದೆ, ಅವನು ಹೊರಗೆ ಟೈಪ್ ಮಾಡುತ್ತಿದ್ದ. ಕಾಗದ ನನ್ನ ಕಡೆ ಬೀಳುತ್ತಿತ್ತು. ಅವನಿಗೆ ತಪ್ಪು ನೋಡಬೇಕಾದರೆ ನಾನು ಅದನ್ನು ಸರಳಿನೊಳಗಿಂದ ಕೊಡಬೇಕು. ಬೇವಿನ ಮರದ ಕೆಳಗೆ ಇಬ್ಬರನ್ನೂ ಒಂದೇ ಸಮ ಕಂಡಿದ್ದ ಹಳೆಯ ಗಿರಾಕಿಗಳು ಕೂಡ ನನ್ನನ್ನು ಸಾಹೇಬ್ರ ಎಂದೂ ಅವನನ್ನು ಏ ಟೈಪಿಸ್ಟಾ ಎಂದೂ ಕರೆಯತೊಡಗಿದರು. ಅವನ ನಗೆಚಾಟಿಕೆ ಕಡಿಮೆಯಾಯಿತು. ಸರಳಿನ ಮೂಲಕ ಹಾಸ್ಯ ಮಾಡುವುದು ಕಷ್ಟವೇನೋ.

ಮುದುಕಿ ಮೂರನೆಯ ದಿನವೇ ಚಹಾ ತಂದಳು. ಎರಡು ಕಪ್ಪು. ಹೊರಗೆ ಕೊಟ್ಟರೆ ಇವಳು ಅವನ ಜೊತೆ ಮಾತಾಡುತ್ತಾಳೆ, ಮಾತಾಡಿದರೆ ನನ್ನ ಎರಡೂ ಸುಳ್ಳು ಬಯಲಾಗುತ್ತವೆ. “ಅಂವ ಚಾ ಕುಡ್ಯಾಂಗಿಲ್ರಿ ಅಕ್ಕಾರ,” ಎಂದೆ. ಆದರೂ ಅವಳು ದಿನಾ ಎರಡು ಕಪ್ಪೇ ತರುತ್ತಿದ್ದಳು. “ಇರ್ಲಿ ತಗೋರಿ, ಒಂದಿನ ಮನಸಾದ್ರ ಕುಡ್ದಾನು,” ಎನ್ನುತ್ತಿದ್ದಳು. ಅವಳು ಒಳಗೆ ಹೋದ ಮೇಲೆ ನಾನು ಕಿಟಕಿಗೆ ಬೆನ್ನು ಮಾಡಿ ಎರಡನ್ನೂ ಕುಡಿಯುತ್ತಿದ್ದೆ. ಚೆಲ್ಲಲು ಅಲ್ಲಿ ಜಾಗವಿರಲಿಲ್ಲ. ನಾಳೆ ಹೇಳಿಬಿಡೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಅವನು ಹೋಗುತ್ತಾನೆ, ಅವನು ಹೋದರೆ ನನ್ನ ಬಾಯಿಮಾತು ಕಾಗದವಾಗುವುದಿಲ್ಲ, ಆ ಮೇಜು ಮತ್ತೆ ಜಿನೆಯ ಕೆಳಗೆ. ಹೀಗೆ ಹತ್ತು ತಿಂಗಳಾಯಿತು.

ಬೇಸಿಗೆ ಬಂತು. ಪೂರ್ವಕ್ಕಿದ್ದ ಕಟ್ಟೆಗೆ ಮುಂಜಾನೆಯಿಂದ ಮಧ್ಯಾಹ್ನದವರೆಗೂ ನೇರ ಬಿಸಿಲು. ತಗಡು ಕಾದು ಹಂಚಿನಂತಾಗುತ್ತಿತ್ತು. ಅವನು ಒದ್ದೆ ಟವೆಲು ತಲೆಗೆ ಸುತ್ತಿಕೊಂಡು ಟೈಪ್ ಮಾಡುತ್ತಿದ್ದ. ಒಂದು ದಿನ ನಾನು ಒಂದು ವಾಟಣಿ ಪತ್ರ ಹೇಳುತ್ತಿದ್ದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂದೆ. ಕೀಲಿಮಣೆಯ ಸದ್ದು ನಿಂತಿತು. ನಾನು ಏನೋ ತಪ್ಪು ಹೇಳಿದೆ, ಅದಕ್ಕೇ ನಿಲ್ಲಿಸಿದ ಎಂದುಕೊಂಡೆ. “ಏನ್ ತಪ್ಪಾತೋ?” ಎಂದು ಕೇಳಿದೆ. ಉತ್ತರ ಬರಲಿಲ್ಲ. ಎದ್ದು ನೋಡಿದರೆ ಕಟ್ಟೆಯ ಮೇಲೆ ವಾಲಿಕೊಂಡು ಬಿದ್ದಿದ್ದ.

ನಾನು ಕೂಗಿದೆನೋ ಏನೋ, ಮುದುಕಿ ಓಡಿ ಬಂದಳು. ಎದುರಿಗೆ ಕೂತಿದ್ದ ಗಿರಾಕಿಗಳಿಬ್ಬರಿಗೆ “ಹಿಡೀರ್ಯೋ, ನಿಂತ್ ಏನ್ ನೋಡ್ತೀರಿ?” ಎಂದು ಗದರಿಸಿ, ಅವನನ್ನು ಎತ್ತಿಸಿ ಖೋಲಿ ದಾಟಿಸಿ ನೇರ ತನ್ನ ನಡುಮನೆಗೆ ಒಯ್ದಳು. ತಾನು ಮಲಗುವ ಮಂಚದ ಮೇಲೆ ಹಾಕಿದಳು. ಮುಖಕ್ಕೆ ನೀರು ಹೊಡೆದಳು, ಅಂಗಿಯ ಗುಂಡಿ ಬಿಚ್ಚಿದಳು, ಮಜ್ಜಿಗೆಗೆ ಉಪ್ಪು ಹಾಕಿ ಕುಡಿಸಿದಳು. ಗಿರಾಕಿಗಳು ಹೊರಗೆ ಹೋದರು. ನಾನು ನಡುಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಅವನು ಕಣ್ಣು ಬಿಟ್ಟು ಸುತ್ತಲೂ ನೋಡಿದ. ತಾನು ಎಲ್ಲಿದ್ದೇನೆ ಎಂದು ತಿಳಿದ ಕೂಡಲೇ ಏಳಲು ಹೋದ.

“ಮಕ್ಕೋ ಸುಮ್ನ. ಯಪ್ಪಾ, ಅಷ್ಟ ದೊಡ್ಡ ಖೋಲಿ ಬಿಟ್ಟು ಬಿಸಲಾಗ ಯಾಕ ಸಾಯ್ತಿ?”

“ನೀವು ಬ್ಯಾಡ ಅಂದೀರಂತಲ್ರಿ ಆಯಿ,” ಎಂದ ಅವನು.

“ನಾ? ನಾ ಎಂದ್ ಅಂದೆ? ನಿಮ್ಮ ಸಾವಕಾರನ ಹೇಳ್ಯಾನಲ್ಲ, ಅಂವ ಒಳಗ ಬರಂಗಿಲ್ಲ ಅಂತ. ಚಾನೂ ಕುಡ್ಯಾಂಗಿಲ್ಲ ಅಂತ. ನಾ ದಿನಾ ಎರಡ್ ಕಪ್ ತಂದ್ ಇಡಾಕತ್ತೇನಿ.”

ಅವನು ತಲೆ ತಿರುಗಿಸಿ ನನ್ನನ್ನು ನೋಡಿದ. ನಾನು ಆ ಹೊತ್ತಿನಲ್ಲಿ ಒಂದು ಮಾತು ಹೇಳಬಹುದಿತ್ತು. ಅವನೇ ಮೊದಲು ಕೇಳಿದ.

“ಎರಡ್ನೇ ಕಪ್ಪು ಯಾರ್ ಕುಡೀತಿದ್ರಿ ಅಣ್ಣಾರ?”

“ನಾನ.”

“ದಿನಾನೂ?”

“ಹೂಂ.”

“ಶುಗರ್ ಐತಿ ನಿಮಗ,” ಎಂದ. “ಎರಡೆರಡು ಚಾ ಕುಡಿಬಾರ್ದು.”

ಅಷ್ಟೇ. ಬೈಯಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಎದ್ದು, ಮುದುಕಿಗೆ ಕೈ ಮುಗಿದು, ಗಾಡಿ ತೆಗೆದ. ನನ್ನನ್ನು ಹಿಂದೆ ಕೂರಿಸಿಕೊಂಡ. ಬಬಲೇಶ್ವರದಿಂದ ವಿಜಯಪುರದವರೆಗೆ ಮುಕ್ಕಾಲು ತಾಸಿನ ದಾರಿ. ಅವನ ಅಂಗಿಯ ಬೆನ್ನಿನ ಮೇಲೆ ಬೆವರು ಒಣಗಿ ಉಪ್ಪಿನ ಗೆರೆ ಮೂಡಿತ್ತು. ನನ್ನ ಮುಖದಿಂದ ಒಂದು ಗೇಣು ದೂರ. ತಪ್ಪಾಯ್ತು ತಮ್ಮಾ ಎನ್ನಲು ಇಷ್ಟೇ ಉಸಿರು ಸಾಕು. ಗಾಳಿಯ ಸದ್ದಿಗೆ ಕೇಳಿಸಲಿಕ್ಕಿಲ್ಲ, ಇಳಿದ ಮೇಲೆ ಹೇಳೋಣ ಎಂದುಕೊಂಡೆ. ಜಲನಗರದ ತಿರುವಿನಲ್ಲಿ ಇಳಿದೆ. “ನಾಳೆ ಹುಷಾರಿದ್ರ ಬಾ,” ಎಂದೆ. ಅವನು ಗಾಡಿ ಹೊರಳಿಸಿಕೊಂಡು ಹೋದ.

ಮರುದಿನ ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ. ಅವನ ಲ್ಯಾಪ್‌ಟಾಪು ಒಯ್ಯಲು ಅವನ ಅಕ್ಕನ ಮಗ ಬಂದ.

ನಾನು ಮುದುಕಿಯ ಮುಂದೆ ಕೂತು ಅತ್ತೆ. ನೀವು ಅವನ ಜಾತಿ ಕೇಳುತ್ತೀರೆಂದು ಹೆದರಿ ಹಾಗೆ ಹೇಳಿಬಿಟ್ಟೆ, ನನ್ನ ತಪ್ಪನ್ನು ನಿಮ್ಮ ಮೇಲೆ ಹಾಕಿದೆ, ಹೊಟ್ಟೆಗೆ ಹಾಕಿಕೊಳ್ಳಿ ಎಂದೆ. ಅವಳ ಹತ್ತಿರ ಅದು ಸುಲಭವಾಗಿ ಬಾಯಿಗೆ ಬಂತು. ಅವಳು ನನಗೆ ಸಮಾಧಾನ ಹೇಳಲಿಲ್ಲ.

“ನೀ ಕೇಳಿದ್ರ ನಾ ಏನಂತಿದ್ನೋ ನನಗೂ ಗೊತ್ತಿಲ್ಲಪಾ. ಖರೇ ಹೇಳ್ತೇನಿ. ಬ್ಯಾಡ ಅಂತಿದ್ನೋ ಏನೋ. ಆದ್ರ ನನಗ ಕೇಳಬೇಕಿತ್ತು ನೀ. ಬ್ಯಾಡ ಅನ್ನೂ ಪಾಪ ಆದ್ರೂ ನಂದ ಇರ್ತಿತ್ತು, ಹೂಂ ಅನ್ನೂ ಪುಣ್ಯ ಆದ್ರೂ ನಂದ ಇರ್ತಿತ್ತು. ಎರಡೂ ನೀನ ತಗೊಂಡಿ.”

ಖೋಲಿ ಇನ್ನೂ ಐದು ತಿಂಗಳು ಇಟ್ಟುಕೊಂಡೆ. ಎರಡು ಮೂರು ಮಂದಿ ಟೈಪಿಸ್ಟರನ್ನು ಒಳಗೇ ಕೂರಿಸಿದೆ, ಫ್ಯಾನಿನ ಕೆಳಗೆ. ನಾನು ಹೇಳಿದ ತಪ್ಪನ್ನು ತಪ್ಪಾಗಿಯೇ ಟೈಪ್ ಮಾಡಿ ಕೊಡುತ್ತಿದ್ದರು. ನಮ್ಮಲ್ಲಿ ಬರೆಸಿದ ಕಾಗದಗಳೇ ಕಚೇರಿಯಿಂದ ತಿರುಗಿ ಬರತೊಡಗಿದವು. ಆಗ ಗಿರಾಕಿಗಳು ನಮ್ಮ ಖೋಲಿ ಬಿಟ್ಟು ಮುಂದೆ ಹೋಗುತ್ತಿದ್ದರು. ಕಡೆಗೆ ಬೀಗದ ಕೈ ಮುದುಕಿಗೆ ಕೊಟ್ಟು ಬಂದೆ.

ಅವನನ್ನು ಹುಡುಕಿಕೊಂಡು ಇಟ್ಟಂಗಿಹಾಳಕ್ಕೆ ಎರಡು ಸಲ ಹೋದೆ. ಎರಡೂ ಸಲ ಊರ ಹೊರಗೆ ಆಟೋ ಇಳಿದು, ಮರಳಿ ಹೋಗುವ ಆಟೋ ಹತ್ತಿ ಬಂದೆ. ಆಮೇಲೆ ಅವನು ಸೊಲ್ಲಾಪುರ ರಸ್ತೆಯಲ್ಲಿ ತನ್ನದೇ ಅಂಗಡಿ ಹಾಕಿದ್ದಾನೆ ಎಂದು ತಿಳಿಯಿತು. ಕಳೆದ ವರ್ಷ ಗಟ್ಟಿ ಮನಸ್ಸು ಮಾಡಿ ಹೋದೆ. ಗ್ಯಾರೇಜುಗಳ ನಡುವೆ ಸಣ್ಣ ಖೋಲಿ, ಎರಡೇ ಮೆಟ್ಟಿಲು. ಮೇಲೆ ಅವನ ಹೆಸರಿನ ಬೋರ್ಡು. ಒಳಗೆ ನಾಲ್ಕೈದು ಮಂದಿ. ಬರಿಗೈಯಲ್ಲಿ ಹೋಗಲು ಧೈರ್ಯವಾಗದೆ, ಹೆಸರಿನ ವ್ಯತ್ಯಾಸದ ಒಂದು ಅಫಿಡವಿಟ್ ಮಾಡಿಸುವ ನೆಪ ಹಿಡಿದು ಸರದಿಯಲ್ಲಿ ನಿಂತೆ. ನನ್ನ ಪಾಳಿ ಬಂತು. ಅವನು ತಲೆ ಎತ್ತಿ ನೋಡಿದ. ಗುರುತು ಹಿಡಿದ. ಕೂದಲು ಅವನದೂ ಬೆಳ್ಳಗಾಗಿತ್ತು.

“ಕುಂದರ್ರಿ,” ಎಂದ. ಕೂತೆ.

“ಪೂರ್ತಿ ಹೆಸರು ಹೇಳ್ರಿ.”

ಇಪ್ಪತ್ತು ವರ್ಷ ನನ್ನ ಮಗ್ಗುಲಿಗೆ ಕೂತವನು ನನ್ನ ಹೆಸರು ಕೇಳಿದ. ಹೇಳಿದೆ. ತಂದೆಯ ಹೆಸರು ಕೇಳಿದ, ವಯಸ್ಸು ಕೇಳಿದ, ವಿಳಾಸ ಕೇಳಿದ. ಎಲ್ಲರಿಗೂ ಕೇಳುವ ಹಾಗೆ, ಮರ್ಯಾದೆಯಿಂದಲೇ. ನಾನು ಒಂದೊಂದಕ್ಕೂ ಉತ್ತರ ಕೊಡುತ್ತ ಹೋದೆ. ಉತ್ತರಗಳ ನಡುವೆ ಎಲ್ಲಾದರೂ ಆ ಮಾತನ್ನು ತುರುಕಬೇಕೆಂದು ಗಂಟಲವರೆಗೆ ತಂದೆ. ಹಿಂದೆ ಒಬ್ಬ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ಕಾಗದ ಹೊರಬಂತು. ಅವನು ಒಮ್ಮೆ ಪೂರ್ತಿ ಓದಿ ನನ್ನ ಕೈಗೆ ಕೊಟ್ಟ. ಒಂದು ತಪ್ಪೂ ಇರಲಿಲ್ಲ. “ಸಹಿ ಇಲ್ಲಿ ಮಾಡ್ರಿ,” ಎಂದು ಬೆರಳಿನಿಂದ ತೋರಿಸಿದ. ಸಹಿ ಮಾಡಿದೆ. ಎದ್ದೆ. ಆ ಹೆಣ್ಣುಮಗಳು ನನ್ನ ಜಾಗದಲ್ಲಿ ಕೂತಳು.

ಮತ್ತೆ ಹೋಗುತ್ತೇನೆ ಎಂದು ಬರೆಯಲಾರೆ. ಹಾಗೆ ಅಂದುಕೊಂಡ ದಿನಗಳೇ ಇಷ್ಟಾಗಿವೆ. ಕಾಲು ಈಗ ಓಣಿಯ ತುದಿಯವರೆಗೂ ಸರಿಯಾಗಿ ಒಯ್ಯುವುದಿಲ್ಲ. ಇದನ್ನು ಓದಿದವರು ಯಾರಿಗೆ ಕ್ಷಮೆ ಕೇಳದೆ ಉಳಿದೆ ಎಂದು ಕೇಳಿದರೆ, ಇಟ್ಟಂಗಿಹಾಳದವನಿಗೆ, ಬಬಲೇಶ್ವರದ ಆ ಖೋಲಿಯನ್ನು ಹುಡುಕಿ ಕೊಟ್ಟು ಅದರ ಹೊರಗೆ ಕೂತವನಿಗೆ, ನನ್ನ ಪಾಲುದಾರನಿಗೆ.